ಸಾಲ್ವಡೋರ್ ಸ್ಯಾಂಚೆಜ್ ಎಷ್ಟು ದೊಡ್ಡ ಬಾಕ್ಸರ್? ಅಳೆಯುವ ಬಗೆ

ಸ್ಯಾಂಚೆಜ್ 1980ರ ದಶಕದ ಆರಂಭದಲ್ಲಿ ಫೆದರ್‌ವೇಟ್ (126 ಪೌಂಡ್ ವರ್ಗ) ವಿಶ್ವ ಪಟ್ಟ ಹೊಂದಿದ್ದ ಮೆಕ್ಸಿಕೋದ ಬಾಕ್ಸರ್. 44 ಗೆಲುವು, 1 ಸೋಲು, 1 ಡ್ರಾ: ಅವನ ಈ ಲೆಕ್ಕದಿಂದ ಶುರು ಮಾಡಬೇಡಿ, ಎದುರಾಳಿ ಯಾರೆಂದು ಅದು ಹೇಳುವುದಿಲ್ಲ.

ಮೊದಲು 1981ರ ಆಗಸ್ಟ್ 21ರ ಪಂದ್ಯ ನೋಡಿ. ಅಲ್ಲಿಯವರೆಗೆ ಸೋಲೇ ಕಾಣದ ವಿಲ್ಫ್ರೆಡೊ ಗೋಮೆಜ್‌ನ 32 ಗೆಲುವೂ ನಾಕೌಟ್. ಅಂಥವನು ಮೊದಲ ಸುತ್ತಿನಲ್ಲೇ ನೆಲಕ್ಕೆ ಬಿದ್ದ! ಸ್ಯಾಂಚೆಜ್‌ನ ಕೈಗಿಂತ ಕಾಲು ಗಮನಿಸಿ. ಹಿಂದೆ ಸರಿಯುತ್ತಲೇ ತಿರುಗೇಟು ಕೊಡುತ್ತಾನೆ. ಎಂಟನೇ ಸುತ್ತಿನಲ್ಲಿ ರೆಫ್ರಿ ಪಂದ್ಯ ನಿಲ್ಲಿಸುವ ಹೊತ್ತಿಗೆ ಗೋಮೆಜ್‌ನ ಕಣ್ಣು ಊದಿಕೊಂಡಿದ್ದವು. ಆದರೆ ಅವನು 122 ಪೌಂಡ್ ವರ್ಗದಿಂದ 126ಕ್ಕೆ ಏರಿ ಬಂದವನು, ಗೆಲುವಿನ ತೂಕದಿಂದ ಅಷ್ಟನ್ನು ಕಳೆಯಿರಿ.

ಎದುರಾಳಿಯ ಮುಂದಿನ ದಾರಿಯನ್ನೂ ನೋಡಿ. 1982ರ ಜುಲೈನಲ್ಲಿ ಬದಲಿಯಾಗಿ ಬಂದ ಅಜುಮಾ ನೆಲ್ಸನ್‌ನನ್ನು ಮಣಿಸಲು 15ನೇ ಸುತ್ತು ಬೇಕಾಯಿತು. ಅದು ಸ್ಯಾಂಚೆಜ್‌ನ ಕೊರತೆಯಲ್ಲ: 1984ರಲ್ಲಿ ಅದೇ ಪಟ್ಟ ನೆಲ್ಸನ್‌ನದಾಯಿತು.

23ಕ್ಕೇ ಕಾರು ಅಪಘಾತದಲ್ಲಿ ತೀರಿಕೊಂಡನೆಂಬ ಸಂಕಟಕ್ಕೆ, ಆಡದ ಪಂದ್ಯಗಳಿಗೆ ಅಂಕ ಕೊಡಬೇಡಿ. ಎಣಿಸಬೇಕಾದ್ದು ಎರಡೂವರೆ ವರ್ಷದಲ್ಲಿ ಒಂಬತ್ತು ಸಲ ಪಟ್ಟ ಉಳಿಸಿಕೊಂಡದ್ದನ್ನು.