ಹದಿನಾಲ್ಕರ ಮಗನ ರಾತ್ರಿಭಯ

ನನ್ನ ಮಗನಿಗೆ ಬೈಪೋಲಾರ್ ಕಾಯಿಲೆ ಇದೆ: ಮನಸ್ಸು ಕೆಲವು ಕಾಲ ಅತಿಯಾಗಿ ಉಕ್ಕುತ್ತದೆ (ಉನ್ಮಾದ), ಕೆಲವು ಕಾಲ ತೀರಾ ಕುಗ್ಗುತ್ತದೆ. ವಯಸ್ಸು ಹದಿನಾಲ್ಕು, ನನಗಿಂತ ಎತ್ತರ, ಮೀಸೆ ಚಿಗುರುತ್ತಿದೆ. ದೀಪ ಆರಿಸಿದರೆ ಮಾತ್ರ ಒಬ್ಬನೇ ಮಲಗಲಾರ. ಚಿಕ್ಕ ಮಗು ಹೆದರಿದರೆ ಅಳುತ್ತದೆ. ಈ ವಯಸ್ಸಿನವನು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಬೆಳಗಿನವರೆಗೂ ಕಣ್ಣು ಬಿಟ್ಟುಕೊಂಡೇ ಇರುತ್ತಾನೆ. ಅದಕ್ಕೇ "ಇಷ್ಟು ದೊಡ್ಡವನಾಗಿ ಹೆದರುತ್ತೀಯಾ" ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಬಾರದೆಂದು ನೆಂಟರಿಗೂ ನೇರವಾಗಿಯೇ ಹೇಳಿದ್ದೇನೆ.

ನಿದ್ದೆಗೆಟ್ಟರೆ ನಮಗೆ ಮರುದಿನ ಆಕಳಿಕೆ ಬಂದೀತು, ಅಷ್ಟೇ. ಬೈಪೋಲಾರ್ ಇರುವವರಲ್ಲಿ ನಿದ್ದೆಗೇಡು ಉನ್ಮಾದವನ್ನೇ ಕೆರಳಿಸಬಹುದು. ಹೀಗಾಗಿ ನನಗೆ ಧೈರ್ಯ ಕಲಿಸುವುದಕ್ಕಿಂತ ನಿದ್ದೆ ಕಾಯುವುದು ಮೊದಲು. ಶಿವರಾತ್ರಿಯಂದೂ ಅವನಿಗೆ ಜಾಗರಣೆ ಇಲ್ಲ; ಪೂಜೆ ಮುಗಿಸಿ ಎಂದಿನ ಹೊತ್ತಿಗೇ ಮಲಗುತ್ತಾನೆ. ಮಲಗಿದ್ದು, ಎದ್ದಿದ್ದು ಎರಡನ್ನೂ ಅವನೇ ಪುಸ್ತಕದಲ್ಲಿ ಬರೆಯುತ್ತಾನೆ.

ವೈದ್ಯರು ಹೇಳಿಕೊಟ್ಟಂತೆ, ಮೊದಲು ನನ್ನ ಚಾಪೆ ಅವನ ಮಂಚದ ಪಕ್ಕದಲ್ಲಿತ್ತು. ಆಮೇಲೆ ಬಾಗಿಲ ಬಳಿ, ಅನಂತರ ಪಡಸಾಲೆಗೆ. ಯಾವಾಗ ಸರಿಸಬೇಕೆಂದು ಅವನೇ ಹೇಳುತ್ತಾನೆ. ಮನಸ್ಸು ಕುಗ್ಗಿದ ವಾರಗಳಲ್ಲಿ ಚಾಪೆ ಮತ್ತೆ ಒಳಗೆ ಬರುತ್ತದೆ. ಅದನ್ನು ನಾವು ಸೋಲೆಂದು ಎಣಿಸುವುದಿಲ್ಲ.

ತಾರಸಿಯ ಮೇಲೆ ಯಾರೋ ನಡೆಯುತ್ತಾರೆ ಎಂಬುದು ಅವನ ದೊಡ್ಡ ಭಯವಾಗಿತ್ತು. ರಾತ್ರಿ ನಾನು ವಾದಕ್ಕೆ ಇಳಿಯಲಿಲ್ಲ. "ಹೆದರಿಕೆ ಆಗುತ್ತಿದೆ, ಗೊತ್ತು. ಇಲ್ಲೇ ಇದ್ದೇನೆ" ಎಂದು ಸುಮ್ಮನಾದೆ. ಮರುದಿನ ಸಂಜೆ ಇಬ್ಬರೂ ಮೇಲೆ ಹೋದೆವು. ಅವನೇ ನೀರಿನ ಟ್ಯಾಂಕಿನ ವಾಲ್ವ್ ತಿರುಗಿಸಿದ. ಪೈಪು ದಡದಡ ಬಡಿದುಕೊಂಡಿತು. ಮತ್ತೆ ಮುಚ್ಚಿ, ಮತ್ತೆ ತೆರೆದು, ಸಾಕೆನ್ನಿಸುವವರೆಗೆ ಕೇಳಿಸಿಕೊಂಡ. ಭಯ ಪೂರ್ತಿ ಹೋಗಲಿಲ್ಲ, ಆದರೆ ಆ ಸದ್ದಿಗೆ ಈಗ ಎದ್ದು ಕೂರುವುದಿಲ್ಲ.

ಗಾಳಿ ಸೋಕಿದೆಯೆಂದು ಅಜ್ಜಿ ತಾಯಿತ ಕಟ್ಟಿದರು. ಅವರ ಪ್ರೀತಿ ಅದು, ಇರಲಿ. ಮಾತ್ರೆ ನಿಲ್ಲಿಸುವ ಮಾತು ಬಂದರೆ ಮಾತ್ರ ನಾನು ಜಗ್ಗುವುದಿಲ್ಲ. ಅವನು ಮನಸ್ಸಿನ ಏರಿಳಿತವನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಾನೆ. ರಕ್ತದಲ್ಲಿ ಅದರ ಮಟ್ಟವನ್ನು ಕೊನೆಯ ಮಾತ್ರೆಯ ಸುಮಾರು 12 ಗಂಟೆಗಳ ನಂತರ ನೋಡಬೇಕಾದ್ದರಿಂದ, ಪರೀಕ್ಷೆಯ ದಿನ ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆಯೇ. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಗಳೂ ತಪ್ಪುವುದಿಲ್ಲ. ವಾಂತಿಭೇದಿಯಾಗಿ ನೀರಿನಂಶ ಕಡಿಮೆಯಾದರೆ ಲಿಥಿಯಂ ಮಟ್ಟ ಅಪಾಯಕ್ಕೆ ಏರಬಹುದು. ಆಗ ತಡಮಾಡದೆ ವೈದ್ಯರಿಗೆ ಫೋನ್. ಇದೇ ಕಾರಣಕ್ಕೆ ಉಪವಾಸ ಬೇಡ, ಊಟದ ಉಪ್ಪನ್ನು ಏಕಾಏಕಿ ಕಡಿಮೆ ಮಾಡುವುದೂ ಬೇಡ. ತಲೆನೋವಿಗೆಂದು ಅಂಗಡಿಯ ನೋವಿನ ಮಾತ್ರೆ ಐಬುಪ್ರೊಫೆನ್ ಕೊಡುವುದಿಲ್ಲ; ಅದೂ ಲಿಥಿಯಂ ಮಟ್ಟವನ್ನು ಏರಿಸಬಹುದು.

ಎಲ್ಲ ರಾತ್ರಿಗಳೂ ಭಯದವಲ್ಲ. ಮೂರು ಗಂಟೆ ಮಲಗಿಯೂ ದಣಿವಿಲ್ಲದೆ ಎದ್ದು, ಬಿಡುವಿಲ್ಲದೆ ಮಾತಾಡುತ್ತಾ ಹತ್ತು ಯೋಜನೆ ಹೇಳಿದರೆ ಅಂದೇ ವೈದ್ಯರಿಗೆ ತಿಳಿಸುತ್ತೇನೆ. ಬದುಕು ಬೇಡವೆಂಬ ಅರ್ಥದ ಮಾತು ಬಂದರೆ ಚಾಪೆ, ಹಂತ ಯಾವುದೂ ಲೆಕ್ಕಕ್ಕಿಲ್ಲ; ಅವನನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯುವುದು. ಮಾತ್ರೆಗಳು ಯಾವಾಗಲೂ ಬೀರುವಿನಲ್ಲಿ, ಬೀಗದ ಕೈ ನನ್ನ ಬಳಿ. ಬೀರುವಿನ ಒಳಬಾಗಿಲಿಗೆ ವೈದ್ಯರ ನಂಬರಿನ ಜೊತೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅಂಟಿಸಿದ್ದೇನೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.