ಕಿರುಬೆರಳು ಒಪ್ಪಿದ ಬ್ಯಾಂಜೋ ಕೊಳ್ಳಿ

ಐರಿಷ್ ಸಾಂಪ್ರದಾಯಿಕ ಸಂಗೀತ ನುಡಿಸಲು ಟೆನರ್ ಬ್ಯಾಂಜೋ ಕೊಳ್ಳಲು ಹೊರಟಿದ್ದೀರಾ? ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ವಾದ್ಯವನ್ನು ತೊಡೆಯ ಮೇಲಿಟ್ಟುಕೊಳ್ಳಿ. ಎಲ್ಲಕ್ಕಿಂತ ತೆಳುವಾದ ತಂತಿಯ ಎರಡನೆಯ ಫ್ರೆಟ್‌ನಲ್ಲಿ (ದಂಡಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್‌ಗಳು) ತೋರುಬೆರಳನ್ನು ಊರಿ, ಅದನ್ನು ಕದಲಿಸದೆ ಕಿರುಬೆರಳನ್ನು ಏಳನೆಯ ಫ್ರೆಟ್‌ಗೆ ಚಾಚಿ. ಐರಿಷ್ ಶ್ರುತಿಯಲ್ಲಿ ಅಲ್ಲಿರುವುದು ‘ಬಿ’ ಸ್ವರ. ಐರಿಷ್ ನೃತ್ಯದ ಧಾಟಿಗಳಾದ ರೀಲ್ ಮತ್ತು ಜಿಗ್‌ಗಳ ಎರಡನೆಯ ಭಾಗ ಮೇಲಕ್ಕೇರಿದಾಗ ಮತ್ತೆ ಮತ್ತೆ ಬೇಕಾಗುವ ಸ್ವರ ಅದು. ಮಣಿಕಟ್ಟು ತಿರುಚಿಕೊಳ್ಳದೆ, ಹೆಬ್ಬೆರಳು ನೋಯದೆ ಆ ಸ್ವರ ಸ್ಪಷ್ಟವಾಗಿ ಮೂಡಿದರೆ ಮಾತು ಮುಂದುವರಿಸಬಹುದು. ಮರದ ಹೊಳಪು, ಕೆತ್ತನೆ, ಕಂಪನಿಯ ಹೆಸರು ಇವೆಲ್ಲ ಆಮೇಲೆ.

ಬೇಕಾದದ್ದು ಯಾವ ಬ್ಯಾಂಜೋ?

ಬ್ಯಾಂಜೋ ಎಂಬ ಒಂದೇ ಹೆಸರಿನಲ್ಲಿ ಹಲವು ವಾದ್ಯಗಳು ಸಿಗುತ್ತವೆ. ನಮ್ಮ ಕಡೆ ಆ ಹೆಸರು ಹೇಳಿದರೆ ಟೈಪ್‌ರೈಟರಿನಂಥ ಗುಂಡಿಗಳಿರುವ ಬುಲ್‌ಬುಲ್ ತರಂಗ್ ಮುಂದಿಟ್ಟರೂ ಆಶ್ಚರ್ಯವಿಲ್ಲ. ಬೇರೆ ದೇಶಗಳ ಅಂಗಡಿಗಳಲ್ಲಿ ಸಾಲಾಗಿ ತೂಗಾಡುವುದು ಹೆಚ್ಚಾಗಿ ಐದು ತಂತಿಯ ಬ್ಲೂಗ್ರಾಸ್ ಬ್ಯಾಂಜೋ. ದಂಡಿಯ ನಡುವೆ, ಐದನೆಯ ಫ್ರೆಟ್‌ನ ಬಳಿ ಒಂಟಿ ಬಿರಡೆ ಕಂಡರೆ ಅದು ನಿಮಗೆ ಬೇಕಾದದ್ದಲ್ಲ. ನಾಲ್ಕು ತಂತಿ, 22 ಫ್ರೆಟ್ ಇದ್ದರೆ ಅದು ಪ್ಲೆಕ್ಟ್ರಮ್ ಬ್ಯಾಂಜೋ, ಅದೂ ಬೇಡ. ನಾಲ್ಕು ತಂತಿಯ ಜೊತೆಗೆ 17 ಅಥವಾ 19 ಫ್ರೆಟ್ ಇರುವುದೇ ಟೆನರ್.

ಈ ವಾದ್ಯ ಬೆಳೆದದ್ದು ಅಮೆರಿಕದ ನೃತ್ಯಶಾಲೆಗಳಲ್ಲಿ. 1920ರ ದಶಕದ ಜಾಝ್ ತಂಡಗಳಲ್ಲಿ ಕಹಳೆಗಳ ಅಬ್ಬರದ ನಡುವೆಯೂ ಕೇಳಿಸಬೇಕೆಂದು ಇದನ್ನು ಜೋರು ದನಿಗೆ ತಕ್ಕಂತೆ ಕಟ್ಟುತ್ತಿದ್ದರು. ಅದೇ ಕಾಲದಲ್ಲಿ ನ್ಯೂಯಾರ್ಕಿನ ಐರಿಷ್ ವಲಸಿಗರೂ ಇದನ್ನು ಕೈಗೆತ್ತಿಕೊಂಡರು. ಫ್ಲಾನಗನ್ ಸಹೋದರರಲ್ಲಿ ಒಬ್ಬರಾದ ಮೈಕ್ ನುಡಿಸಿದ ಬ್ಯಾಂಜೋ ಆಗಿನ ಗ್ರಾಮೊಫೋನ್ ತಟ್ಟೆಗಳಲ್ಲಿ ಉಳಿದಿದೆ. ಆದರೆ ಐರ್ಲೆಂಡಿನಲ್ಲಿ ಇಂದು ನುಡಿಸುವ ಶ್ರುತಿಯನ್ನು ನೆಲೆಗೊಳಿಸಿದ ಹಿರಿಮೆ ‘ದಿ ಡಬ್ಲಿನರ್ಸ್’ ತಂಡದ ಬಾರ್ನಿ ಮೆಕೆನ್ನಾ (1939–2012) ಅವರದು.

17 ಫ್ರೆಟ್ಟೋ, 19 ಫ್ರೆಟ್ಟೋ?

ಕಿರುಬೆರಳಿನ ಪ್ರಶ್ನೆ ಇತ್ಯರ್ಥವಾಗುವುದು ಇಲ್ಲಿ. 17 ಫ್ರೆಟ್‌ನ ವಾದ್ಯದಲ್ಲಿ ತಂತಿಯ ಮಿಡಿಯುವ ಉದ್ದ ಸಾಮಾನ್ಯವಾಗಿ 20–21 ಇಂಚು, 19ರದ್ದರಲ್ಲಿ 22–23 ಇಂಚು. ಅಳೆಯುವುದು ಸುಲಭ: ದಂಡಿಯ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಿಂದ 12ನೆಯ ಫ್ರೆಟ್‌ವರೆಗೆ ಟೇಪ್ ಹಿಡಿದು ಎರಡರಿಂದ ಗುಣಿಸಿ. 23 ಇಂಚಿನ ವಾದ್ಯದಲ್ಲಿ ಎರಡನೆಯ ಫ್ರೆಟ್‌ನಿಂದ ಏಳನೆಯದಕ್ಕೆ ಸುಮಾರು 5.1 ಇಂಚು ದೂರವಿರುತ್ತದೆ. 20¾ ಇಂಚಿನದರಲ್ಲಿ 4.6. ಆ ಅರ್ಧ ಇಂಚು ನಿಧಾನವಾಗಿ ನುಡಿಸುವಾಗ ಗಮನಕ್ಕೂ ಬರುವುದಿಲ್ಲ. ರೀಲ್ ವೇಗ ಹಿಡಿದಾಗ ಕೈ ಸೋಲುವುದು ಅದೇ ಅರ್ಧ ಇಂಚಿನಲ್ಲಿ.

ಉದ್ದದ ವಾದ್ಯಕ್ಕೂ ಅದರದೇ ಗುಣವಿದೆ. ದಪ್ಪ ತಂತಿ ಬಿಗಿಯಾಗಿ ನಿಂತು ಮಂದ್ರದ ಸ್ವರ ತುಂಬಿಕೊಂಡು ಬರುತ್ತದೆ. ಕೈ ದೊಡ್ಡದಿದ್ದವರು, ಗಿಟಾರ್‌ನಿಂದ ಬಂದವರು ಅದನ್ನೇ ಆರಿಸಿಕೊಳ್ಳಲಿ. ಮ್ಯಾಂಡೊಲಿನ್ ಅಥವಾ ಪಿಟೀಲು ಹಿಡಿದು ಅಭ್ಯಾಸವಿರುವವರಿಗೆ, ಮಕ್ಕಳಿಗೆ, ನನ್ನಂತೆ ಕೈ ಚಿಕ್ಕದಿರುವವರಿಗೆ 17 ಫ್ರೆಟ್‌ನದ್ದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಫ್ರೆಟ್ ಕಡಿಮೆಯಾಯಿತೆಂಬ ಚಿಂತೆ ಬೇಡ. ಐರಿಷ್ ನುಡಿಸಾಣಿಕೆ ಬಹುಪಾಲು ಏಳನೆಯ ಫ್ರೆಟ್‌ನೊಳಗೇ ಮುಗಿಯುತ್ತದೆ.

ಶ್ರುತಿಗೆ ತಕ್ಕ ತಂತಿ

ಅಂಗಡಿಯಲ್ಲಿರುವ ಟೆನರ್‌ಗೆ ಸಾಮಾನ್ಯವಾಗಿ ಜಾಝ್‌ನವರ ಶ್ರುತಿಗೆ ಹೊಂದುವ ತಂತಿ ಹಾಕಿರುತ್ತಾರೆ: ದಪ್ಪ ತಂತಿಯಿಂದ ಸಿ, ಜಿ, ಡಿ, ಎ. ಐರಿಷ್ ಶ್ರುತಿ ಜಿ, ಡಿ, ಎ, ಇ. ಪಿಟೀಲಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ನಮ್ಮ ಕರ್ನಾಟಕ ಸಂಗೀತದ ಪಿಟೀಲಿನಲ್ಲಿ ಸ-ಪ-ಸ-ಪ ಎಂದು ಶ್ರುತಿ ಮಾಡುತ್ತೇವಲ್ಲವೇ? ಇಲ್ಲಿ ಹಾಗಲ್ಲ, ಪ್ರತಿ ತಂತಿಯೂ ತನ್ನ ಹಿಂದಿನ ತಂತಿಯ ಪಂಚಮ. ಐರಿಷ್ ಪಿಟೀಲಿನವರ ಬೆರಳುಗಳು ಎಲ್ಲಿ ಕೂರುತ್ತವೆಯೋ ಆ ಸ್ವರಗಳೇ ಇಲ್ಲಿಯೂ ಅದೇ ಕ್ರಮದಲ್ಲಿ ಸಿಗುವುದರಿಂದ ಅವರ ಟ್ಯೂನ್‌ಗಳು ಬ್ಯಾಂಜೋಗೆ ಸಲೀಸಾಗಿ ಒಗ್ಗುತ್ತವೆ.

ನಾನು ಮೊದಲು ಕೊಂಡ ಬಳಸಿದ ಬ್ಯಾಂಜೋದಲ್ಲಿ ಹಳೆಯ ತಂತಿಗಳನ್ನೇ ಸಡಿಲಿಸಿ ಹೊಸ ಶ್ರುತಿಗೆ ಇಳಿಸಿಕೊಂಡಿದ್ದೆ. ದಪ್ಪ ತಂತಿ ಫ್ರೆಟ್‌ಗೆ ಬಡಿದು ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು. ಎರಡು ತಿಂಗಳು ನನ್ನ ಕೈಯದೇ ತಪ್ಪೆಂದು ಕೊರಗಿದೆ. ಕಾರಣ ಸರಳವಾಗಿತ್ತು: ಅದೇ ತಂತಿಯನ್ನು ಅಷ್ಟು ಕೆಳಗಿಳಿಸಿದರೆ ಅದರ ಬಿಗಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಜಾಝ್ ಶ್ರುತಿಯ ಕಟ್ಟಿನಲ್ಲಿ ತಂತಿಗಳು ಇಂಚಿನ ಸಾವಿರದ 9ರಿಂದ 30 ಭಾಗದಷ್ಟು ದಪ್ಪವಿದ್ದರೆ, ಐರಿಷ್ ಶ್ರುತಿಗೆ 12ರಿಂದ 36 ಅಥವಾ 40ರವರೆಗಿನ ಕಟ್ಟು ಬೇಕು. ವಾದ್ಯ ಗಿಡ್ಡವಾದಷ್ಟೂ ದಪ್ಪದ ಕಡೆಗೆ ವಾಲಬೇಕು. ಕೊಳ್ಳುವಾಗಲೇ ತಂತಿ ಬದಲಿಸಿಕೊಡಲು ಕೇಳಿ. ಮೇಲ್ತುದಿಯ ಪಟ್ಟಿಯ ಸೀಳುಗಳಲ್ಲಿ ದಪ್ಪ ತಂತಿ ಸಿಕ್ಕಿಕೊಳ್ಳದಂತೆ ಅವನ್ನು ಅರದಿಂದ ತೀಡಿ ಅಗಲಿಸಲೂ ಹೇಳಿ. ಈ ಕೆಲಸಕ್ಕೆಂದು ಒಂದಿಷ್ಟು ಹಣ ತೆಗೆದಿಟ್ಟು, ಉಳಿದದ್ದರಲ್ಲಿ ವಾದ್ಯ ನೋಡುವುದು ಜಾಣತನ.

ಹಿಂಬದಿ ತೆರೆದದ್ದೋ, ಮುಚ್ಚಿದ್ದೋ?

ಹಿಂಬದಿಗೆ ಮರದ ಬಟ್ಟಲಿನಂಥ ರೆಸೊನೇಟರ್ ಇದ್ದರೆ ದನಿ ಮುಂದಕ್ಕೆ ಚಿಮ್ಮುತ್ತದೆ. ವಾದ್ಯ ಭಾರವಾಗುತ್ತದೆ. ತೆರೆದದ್ದು ಹಗುರ, ದನಿಯೂ ಮೆದು. ಪಬ್‌ನ ಮೂಲೆಯಲ್ಲಿ ಏಳೆಂಟು ಜನ ದುಂಡಗೆ ಕುಳಿತು ನುಡಿಸುವ ಸೆಷನ್‌ನಲ್ಲಿ ಬ್ಯಾಂಜೋ ಕೊಳಲಿನ ಮೇಲೆ ಸವಾರಿ ಮಾಡಬಾರದು. ಹಾಗಾಗಿ ಮನೆಯಲ್ಲಿ ಕಲಿಯುವವರಿಗೆ ತೆರೆದದ್ದು ಸಾಕು. ಅಮೆರಿಕದ ಡೀರಿಂಗ್ ಕಂಪನಿಯ ಗುಡ್‌ಟೈಮ್ ಮಾದರಿ 17 ಮತ್ತು 19 ಎರಡೂ ಫ್ರೆಟ್‌ಗಳಲ್ಲಿ ಸಿಗುತ್ತದೆ, ಆರಂಭಕ್ಕೆ ನಂಬಬಹುದು. ಕೈ ಪಳಗಿದ ಮೇಲೆ ಐರ್ಲೆಂಡಿನ ಗಾಲ್ವೇ ಕೌಂಟಿಯ ಕ್ಲಾರಿನ್‌ಬ್ರಿಜ್‌ನಲ್ಲಿ ತಯಾರಾಗುವ ಕ್ಲಾರೀನ್ ಬ್ಯಾಂಜೋಗಳ ಕಡೆ ನೋಡಿ. ರೆಸೊನೇಟರ್ ಇರುವುದನ್ನೇ ಕೊಂಡು ದನಿ ಜೋರೆನಿಸಿದರೆ, ಒಳಗಿನ ಕಂಬಿಗೂ ಮುಂಬದಿಗೆ ಬಿಗಿದಿರುವ ಹೊದಿಕೆಗೂ ನಡುವೆ ಮಡಿಸಿದ ಬಟ್ಟೆಯ ತುಂಡೊಂದನ್ನು ಸಿಕ್ಕಿಸಿ. ಕರ್ಕಶತೆ ತಗ್ಗುತ್ತದೆ.

ಹಳೆಯ ವಾದ್ಯವಾದರೆ

ವೇಗಾ, ಪ್ಯಾರಾಮೌಂಟ್ ಮುಂತಾದ 1920ರ ದಶಕದ ವಾದ್ಯಗಳ ನಾದಕ್ಕೆ ಮನಸೋಲದವರು ಅಪರೂಪ. ಆದರೂ ಪರೀಕ್ಷೆ ಕಟ್ಟುನಿಟ್ಟಾಗಿರಲಿ. ಒಂದು ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಒಟ್ಟಿಗೆ ಒತ್ತಿ ಹಿಡಿದು ನಡುವೆ ನೋಡಿ. ಕಾಗದ ನುಸುಳುವಷ್ಟು ಸಂದಿ ಸಹಜ, ಅದಕ್ಕಿಂತ ತೀರ ಹೆಚ್ಚಿದ್ದರೆ ದಂಡಿ ಬಾಗಿದೆ. ಮೊದಲ ಐದು ಫ್ರೆಟ್‌ಗಳಲ್ಲಿ ತಂತಿ ಕೊರೆದ ಗುಳಿಗಳಿವೆಯೇ ಎಂದು ಉಗುರಿನಿಂದ ಸವರಿ ನೋಡಿ. ಹೊದಿಕೆ ಕರುವಿನ ಚರ್ಮದ್ದಾಗಿದ್ದರೆ, ಮಳೆಗಾಲದಲ್ಲಿ ಮದ್ದಳೆಯಂತೆ ಅದೂ ಸಡಿಲಗೊಳ್ಳುತ್ತದೆ. ಐರ್ಲೆಂಡಿನ ತೇವದ ಗಾಳಿಗಾಗಲಿ ನಮ್ಮ ಮಲೆನಾಡಿಗಾಗಲಿ ಪ್ಲಾಸ್ಟಿಕ್ ಹೊದಿಕೆಯೇ ಒಳ್ಳೆಯದು.

ಮನೆಗೆ ತಂದ ಮೇಲೆ

ಹೊದಿಕೆಯ ಮೇಲೆ ತಂತಿಗಳನ್ನು ಎತ್ತಿಹಿಡಿಯುವ ಕುದುರೆಯನ್ನು ಬ್ಯಾಂಜೋದಲ್ಲಿ ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಿಂದಲೇ ಅದು ನಿಂತಿರುತ್ತದೆ. ದಾರಿಯಲ್ಲಿ ಜರುಗಿರಬಹುದು. 12ನೆಯ ಫ್ರೆಟ್‌ನ ನೇರಕ್ಕೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದಾಗ ಬರುವ ಸ್ವರವನ್ನೂ ಅದೇ ಫ್ರೆಟ್‌ನಲ್ಲಿ ಒತ್ತಿ ಮೀಟಿದ ಸ್ವರವನ್ನೂ ಹೋಲಿಸಿ. ಒತ್ತಿದ ಸ್ವರ ಮೇಲೆ ಹೋದರೆ ಕುದುರೆಯನ್ನು ದಂಡಿಯಿಂದ ಕೂದಲೆಳೆಯಷ್ಟು ದೂರ ಸರಿಸಿ, ಕೆಳಗೆ ಬಿದ್ದರೆ ಹತ್ತಿರಕ್ಕೆ ತನ್ನಿ. ಎರಡೂ ಒಂದಾದ ಕೂಡಲೇ ಕುದುರೆಯ ಪಾದಗಳ ಸುತ್ತ ಹೊದಿಕೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಮುಂದೆ ತಂತಿ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚದೆ ಒಂದೊಂದಾಗಿ ಬದಲಿಸಿ. ಕುದುರೆ ಆ ಗೆರೆಯೊಳಗೇ ನಿಂತಿರಲಿ.