ಗೋಡೆ ಅವರದು, ಮಾಡು ನಮ್ಮದು: ಮಲಾವಿಗೆ ಚರ್ಚ್ ಕಟ್ಟಲು ಹೋಗುವವರಿಗೆ

ನಮ್ಮ ಚರ್ಚ್ ಸಭೆಯ ಹುಡುಗರು ಆಗಾಗ ಫೋನ್ ಮಾಡುತ್ತಾರೆ. "ಅಂಕಲ್, ನಾವೊಂದು ಆರು ಜನ ಆಫ್ರಿಕಾಕ್ಕೆ ಚರ್ಚ್ ಕಟ್ಟೋಕೆ ಹೋಗ್ತಾ ಇದ್ದೇವೆ, ಏನೇನು ತಗೊಂಡು ಹೋಗ್ಬೇಕು?" ಅಂತ. ನಾನು ಮಂಗಳೂರಿನವನು, ಕಸುಬು ಕಟ್ಟಡದ ಕಂಟ್ರಾಕ್ಟ್. 2016, 2018 ಮತ್ತು 2024ರಲ್ಲಿ ಆಫ್ರಿಕಾದ ಮಲಾವಿ ದೇಶಕ್ಕೆ ಹೋಗಿ ಬಂದೆ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಸಾಕಾಯಿತು. ಅದಕ್ಕೆ ಒಂದು ಸಲ ಬರೆದೇ ಇಡುತ್ತೇನೆ.

ಏನು ತಗೊಂಡು ಹೋಗಬೇಕು ಅನ್ನುವುದು ಆಮೇಲಿನ ಮಾತು. ಹೋಗಬೇಕಾ ಅಂತ ಮೊದಲು ಕೇಳಿಕೊಳ್ಳಿ.

ಮಲಾವಿಯ ದಕ್ಷಿಣದಲ್ಲಿ ಬ್ಲಾಂಟೈರ್ ಅಂತ ಊರಿದೆ. ಅಲ್ಲಿ ಸೇಂಟ್ ಮೈಕೆಲ್ ಚರ್ಚ್ ಇದೆ, ಕೆಂಪು ಇಟ್ಟಿಗೆಯದು. 1888ರಿಂದ 1891ರವರೆಗೆ ಕಟ್ಟಿದ್ದು. ಕಟ್ಟಿಸಿದವರು ಸ್ಕಾಟ್ಲೆಂಡಿನ ಪಾದ್ರಿ ಡೇವಿಡ್ ಕ್ಲೆಮೆಂಟ್ ಸ್ಕಾಟ್. ಅವರು ಆರ್ಕಿಟೆಕ್ಟ್ ಓದಿದವರಲ್ಲ. ಇಟ್ಟಿಗೆ ಮಾಡಿದ್ದು, ಸುಟ್ಟಿದ್ದು, ಕಟ್ಟಿದ್ದು ಎಲ್ಲ ಅಲ್ಲಿನ ಜನ. ಕಮಾನು, ಗುಮ್ಮಟ, ಗೋಪುರ ಎಲ್ಲ ಇದೆ. ನಾನು ಅದರ ಮುಂದೆ ಅರ್ಧ ಗಂಟೆ ನಿಂತು ಇಟ್ಟಿಗೆಯ ಸಾಲು ನೋಡಿದೆ. ಆ ಮೂಲೆಗಳನ್ನು ಹಾಗೆ ತಿರುಗಿಸಲು ನನ್ನ ಮೇಸ್ತ್ರಿಗಳಲ್ಲಿ ಒಬ್ಬನಿಗೂ ಬರುವುದಿಲ್ಲ. ಅಂಥ ಊರಿನವರಿಗೆ ಗೋಡೆ ಕಟ್ಟಲು ಕಲಿಸುತ್ತೇವೆ ಅಂತ ಆರು ಜನ ಐಟಿ ಹುಡುಗರು ಹೋದರೆ ಏನು ಹೇಳೋಣ!

ನಮಗೇ ಇದು ಗೊತ್ತಿರಬೇಕಿತ್ತು. ಹೊರಗಿನವರು ಬಂದು ಚರ್ಚ್ ಕಟ್ಟಿದ ಊರು ನಮ್ಮದೂ ಹೌದಲ್ವಾ? ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಅದು ಮಿಶನ್‌ನವರ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯ ಪಾಲಾಯಿತು. ನನ್ನ ಅಜ್ಜ ಅಲ್ಲಿ ಹಂಚು ಹೊತ್ತವರು. ಆ ಹಂಚು ಹಡಗು ಹತ್ತಿ ಪೂರ್ವ ಆಫ್ರಿಕಾದವರೆಗೂ ಹೋಗುತ್ತಿತ್ತು. ಮಿಶನ್‌ನವರು ಬಂದವರೇ ಭಾಷೆ ಕಲಿಯಲು ಕೂತರು. 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು, 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು. ನಾವು ಹೋಗುವುದು ಮೂರು ವಾರಕ್ಕೆ. ನಿಘಂಟು ಬೇಡ, ಹತ್ತು ಮಾತಾದರೂ ಕಲಿತು ಹೋಗಿ. ಅಲ್ಲಿನ ಭಾಷೆ ಚಿಚೆವಾದಲ್ಲಿ 'ಮುಲಿ ಬ್ವಾಂಜಿ' ಅಂದರೆ ಹೇಗಿದ್ದೀರಿ. 'ಝಿಕೊಮೊ' ಅಂದರೆ ಉಪಕಾರವಾಯಿತು. ಯಾರದೇ ಮನೆ ಮುಂದೆ ಹೋದರೂ ಬಾಗಿಲು ತಟ್ಟುವ ಮೊದಲು 'ಓಡಿ' ಅನ್ನಬೇಕು. ಈ ಮೂರು ಗೊತ್ತಿದ್ದರೆ ಮೊದಲ ದಿನ ದಾಟುತ್ತದೆ.

ಈಗ ಕೆಲಸಕ್ಕೆ ಬರೋಣ.

ಕರೆ ಅಲ್ಲಿಂದ ಬರಬೇಕು. ಇಲ್ಲಿ ಕೂತು "ಒಂದು ಚರ್ಚ್ ಕೊಡೋಣ" ಅಂತ ತೀರ್ಮಾನ ಮಾಡಬೇಡಿ. ಅಲ್ಲಿ ಒಂದೊಂದು ಹಳ್ಳಿಯಲ್ಲಿ ಆಗಲೇ ಮೂರು ನಾಲ್ಕು ಪಂಗಡದ ಚರ್ಚ್ ಇರುತ್ತವೆ. ಐದನೆಯದು ಯಾಕೆ? ನಮ್ಮನ್ನು ಕರೆದ ಒಂದು ಸಭೆಯ ಹಿರಿಯರನ್ನು 2018ರಲ್ಲಿ ಹೀಗೇ ಕೇಳಿದೆ, ನಿಜವಾಗಿ ಏನು ಬೇಕು ಅಂತ. ಅವರು ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ಮೆಲ್ಲಗೆ, ಬೋರ್‌ವೆಲ್ ಅಂದರು. ಆ ವರ್ಷ ಬೋರ್‌ವೆಲ್ಲೇ ಕೊರೆಸಿದೆವು. ಈ ಚರ್ಚಿನ ದುಡ್ಡಿಗಾಗಿ ಮಾಡಿದ ಬೆಳೆಹಬ್ಬದ ಏಲಂನಲ್ಲಿ ಒಂದು ಹಲಸಿನಹಣ್ಣಿಗೆ ಜಾಸ್ತಿ ಕೂಗಿದವರು ನಮ್ಮಲ್ಲಿ ಸ್ವಲ್ಪ ಮುನಿಸಿಕೊಂಡರು. ಅವರಿಗೆ ಶಿಲುಬೆ ಇರುವ ಕಟ್ಟಡದ ಫೋಟೋ ಬೇಕಿತ್ತು.

ಜಾಗ ಊರಿನ ಮುಖ್ಯಸ್ಥರ ಕೈಯಲ್ಲಿ ಇರುತ್ತದೆ, ಅವರನ್ನು 'ಮ್ಫುಮು' ಅನ್ನುತ್ತಾರೆ. ಅವರ ಬಾಯಿಮಾತಿನ ಜೊತೆ ಕಾಗದವೂ ಇರಲಿ, ಅದು ಅಲ್ಲಿನ ಸಭೆಯ ಹೆಸರಿನಲ್ಲೇ ಇರಲಿ, ನಿಮ್ಮ ಹೆಸರಿನಲ್ಲಿ ಬೇಡವೇ ಬೇಡ.

ಹೋಗುವ ಕಾಲ ಮೇ ಕೊನೆಯಿಂದ ಸೆಪ್ಟೆಂಬರ್. ಅಲ್ಲಿ ಮಳೆಗಾಲ ನವೆಂಬರಿನಿಂದ ಏಪ್ರಿಲ್. ನಮ್ಮ ಲೆಕ್ಕ ಪೂರ್ತಿ ತಿರುಗಿಸಿಕೊಳ್ಳಬೇಕು. ಕ್ರಿಸ್‌ಮಸ್ ರಜೆ ಸಿಗುತ್ತದೆ ಅಂತ ಡಿಸೆಂಬರಿನಲ್ಲಿ ಹೋದರೆ ಲಾರಿ ಕೆಸರಿನಲ್ಲಿ, ನೀವು ಟಾರ್ಪಾಲಿನ ಕೆಳಗೆ. ಏಪ್ರಿಲ್, ಮೇ ಮುಸುಕಿನ ಜೋಳದ ಕೊಯ್ಲು. ಆಗ ಯಾರೂ ಕೆಲಸಕ್ಕೆ ಸಿಗುವುದಿಲ್ಲ, ಕರೆಯಲೂ ಬಾರದು.

ದುಡ್ಡಿನ ವಿಷಯ ಚುಟುಕಾಗಿ. ನಮ್ಮಲ್ಲಿ ಟ್ರಸ್ಟಿನ ದುಡ್ಡನ್ನು ಸರ್ಕಾರದ ಅನುಮತಿ ಇಲ್ಲದೆ ಹೊರದೇಶದಲ್ಲಿ ಖರ್ಚು ಮಾಡಿದರೆ ತೆರಿಗೆ ವಿನಾಯಿತಿಗೆ ತೊಂದರೆ. ಮೊದಲೇ ಆಡಿಟರನ್ನು ಕೇಳಿ. ಒಬ್ಬೊಬ್ಬರೇ ತಮ್ಮ ದುಡ್ಡನ್ನು ಬ್ಯಾಂಕಿನ ಮೂಲಕ ಕಳಿಸಬಹುದು, ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನವರೆಗೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಇದೆ. ನಮ್ಮ ಹತ್ತಿರ ಅಷ್ಟು ಎಲ್ಲಿದೆ ಬಿಡಿ. ಆದರೆ ಅಲ್ಲಿನ ನಾಣ್ಯ ಕ್ವಾಚಾದ ಬೆಲೆ ಯಾವಾಗ ಕುಸಿಯುತ್ತದೋ ಹೇಳಲಾಗದು. 2023ರ ನವೆಂಬರಿನಲ್ಲಿ ಒಂದೇ ಏಟಿಗೆ 44 ಶೇಕಡಾ ಇಳಿಸಿದರು. ಆದ್ದರಿಂದ ದುಡ್ಡು ಕೈಗೆ ಬಂದ ಕೂಡಲೇ ಸಿಮೆಂಟಿಗಿಂತ ಮೊದಲು ತಗಡು ಖರೀದಿಸಿ. ಸಿಮೆಂಟು ಇಟ್ಟರೆ ಗಟ್ಟಿಯಾಗುತ್ತದೆ, ತಗಡು ಇಟ್ಟಲ್ಲೇ ಇರುತ್ತದೆ.

ವೀಸಾದಲ್ಲಿ ಉದ್ದೇಶ ಸುಳ್ಳು ಬರೆಯಬೇಡಿ. ಅಡಿಸ್ ಅಬಾಬಾ ಮೂಲಕ ಹೋಗುವವರು ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವ 10 ದಿನ ಮೊದಲೇ ಹಾಕಿಸಿ, ಆ ಹಳದಿ ಪುಸ್ತಕ ಕೈಚೀಲದಲ್ಲೇ ಇರಲಿ. ವಾಪಸು ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಕೇಳಬಹುದು. ಮಲೇರಿಯಾ ಮಾತ್ರೆ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ ಅಂತ ಉಡಾಫೆ ಬೇಡ.

ಇನ್ನು ಇಟ್ಟಿಗೆ. ರೂಢಿ ಏನೆಂದರೆ ಇಟ್ಟಿಗೆ, ಮರಳು, ಕಲ್ಲು ಸಭೆಯವರದು. ಸಿಮೆಂಟು, ತಗಡು, ಮರ ಹೊರಗಿನವರದು. ಈ ರೂಢಿ ಮುರಿಯಬೇಡಿ. ಗೋಡೆ ಅವರದೇ ಆಗಿದ್ದರೆ ಚರ್ಚೂ ಅವರದೇ ಆಗುತ್ತದೆ. ಗೋಡೆ ಸೂರಿನ ಮಟ್ಟಕ್ಕೆ ಬಂದ ಮೇಲೆ ನಾವು ವಿಮಾನ ಹತ್ತುವುದು ಅಂತ ಮೊದಲೇ ಮಾತಾಗಿರಲಿ. ಎರಡು ವರ್ಷ ತಗೊಂಡರೂ ಪರವಾಗಿಲ್ಲ.

ಅಲ್ಲಿ 'ನ್ಜೆರ್ವಾ' ಅಂದರೆ ಇಟ್ಟಿಗೆ. ಹೊಲದ ಮಣ್ಣು ಕಲಸಿ, ಅಚ್ಚಿಗೆ ಹಾಕಿ, ಒಣಗಿಸಿ, ಅದನ್ನೇ ಗೂಡಿನ ಹಾಗೆ ಪೇರಿಸಿ ಕೆಳಗಿನಿಂದ ಕಟ್ಟಿಗೆ ತುರುಕಿ ಸುಡುತ್ತಾರೆ. ನಮ್ಮ ಹಳ್ಳಿಗಳಲ್ಲೂ ಹೀಗೇ. ಗೂಡಿನ ನಡುವಿನ ಇಟ್ಟಿಗೆ ಚೆನ್ನಾಗಿ ಬೆಂದಿರುತ್ತದೆ, ಹೊರಮೈಯದು ಅರೆಬೆಂದು. ಎರಡು ಇಟ್ಟಿಗೆ ಒಂದಕ್ಕೊಂದು ತಟ್ಟಿ. ಟಣ್ ಅಂದರೆ ಒಳ್ಳೆಯದು, ದಪ್ ಅಂದರೆ ಪಕ್ಕಕ್ಕಿಡಿ. ಸಂಶಯ ಬಂದರೆ ಒಂದು ರಾತ್ರಿ ನೀರಲ್ಲಿ ಹಾಕಿ. ಬೆಳಿಗ್ಗೆ ಉಗುರಿನಿಂದ ಕೆರೆದರೆ ಮಣ್ಣು ಬರಬಾರದು. ಅರೆಬೆಂದದ್ದನ್ನು ಬಿಸಾಡಬೇಕಿಲ್ಲ, ಒಳಗಿನ ಕಟ್ಟೆಗೆ ಬಳಸಬಹುದು. ನೆಲದಿಂದ ಎರಡು ಅಡಿವರೆಗೆ ಮಾತ್ರ ಟಣ್ ಅನ್ನುವುದೇ ಇರಲಿ.

ಇದರಲ್ಲಿ ಒಂದು ನೋವು ಇದೆ. ಈ ಸುಡುವ ಕಟ್ಟಿಗೆಗೆ ಅಲ್ಲಿನ ಗುಡ್ಡಗಳು ಬೋಳಾಗುತ್ತಿವೆ. ಹಾಗಾಗಿ ಮೂರನೇ ಸಲ ನಾನು ಸಿಮೆಂಟು ಮಣ್ಣಿನ ಬ್ಲಾಕ್ ಮಾಡಲು ಹೇಳಿದೆ. ಬೆಂಗಳೂರಿನ ಐಐಎಸ್‌ಸಿಯವರು ಮಾಡಿದ ಮರ್ದಿನಿ ಅಂತ ಕೈಯಂತ್ರ ಇದೆ. ನಾನು ಬೆಂಗಳೂರಿನ ಹತ್ತಿರ ಎರಡು ಮನೆ ಅದರಲ್ಲೇ ಕಟ್ಟಿದ್ದೆ. ಅಂಥದೇ ಒಂದು ಪ್ರೆಸ್ ಅಲ್ಲಿ ಬಾಡಿಗೆಗೆ ಸಿಕ್ಕಿತು. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು, ಮುಷ್ಟಿ ಕಟ್ಟಿದರೆ ಉಂಡೆಯಾಗುವಷ್ಟೇ ನೀರು. ಒತ್ತಿದ ಮೇಲೆ ಮೂರು ವಾರ ನೆರಳಿನಲ್ಲಿ ನೀರುಣಿಸಬೇಕು. ಇಲ್ಲೇ ಸೋಲುವುದು. ನೀರು ಹೊರುವವರು ಹೆಂಗಸರು. ಮೂರು ವಾರ ದಿನಾ ತಲೆಮೇಲೆ ಕೊಡ ಹೊತ್ತು ತನ್ನಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಬಾವಿ ಹತ್ತಿರ ಇದ್ದರೆ ಮಾತ್ರ ಬ್ಲಾಕ್ ಮಾಡಿ, ಇಲ್ಲದಿದ್ದರೆ ಸುಮ್ನೆ ಆಸೆ ಹುಟ್ಟಿಸಬೇಡಿ.

ಕೂಲಿ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಅಲ್ಲಿ ದಿನಗೂಲಿಗೆ 'ಗಾನ್ಯು' ಅನ್ನುತ್ತಾರೆ. ಎಷ್ಟೋ ಮನೆ ನಡೆಯುವುದು ಗಾನ್ಯುವಿನಿಂದ. ನೀವು ಬಿಟ್ಟಿಯಾಗಿ ಇಟ್ಟಿಗೆ ಹೊತ್ತರೆ ಒಬ್ಬನ ಆ ದಿನದ ಕೂಲಿ ಹೋಯಿತು. ಆರು ಜನರ ವಿಮಾನದ ಟಿಕೆಟಿನ ದುಡ್ಡಿನಲ್ಲಿ ಒಂದು ಸಣ್ಣ ಚರ್ಚಿನ ಮಾಡೇ (ಛಾವಣಿಯೇ) ಆಗುತ್ತದೆ, ಲೆಕ್ಕ ಹಾಕಿ ನೋಡಿ. ಆದ್ದರಿಂದ ಇಬ್ಬರು ಹೋಗಿ, ಕೆಲಸ ಗೊತ್ತಿರುವ ಇಬ್ಬರು. ಉಳಿದ ನಾಲ್ವರ ಟಿಕೆಟಿನ ದುಡ್ಡು ಅಲ್ಲಿನ ಮೇಸ್ತ್ರಿಗೆ, ಬಡಗಿಗೆ ಹೋಗಲಿ.

ಈಗ ಮಾಡಿನ ವಿಷಯ. ಇದರಲ್ಲೇ ನಾನು ಮೊದಲ ಸಲ ಮುಗ್ಗರಿಸಿದ್ದು.

ನಾವು ಹಂಚಿನ ಊರಿನವರು. ಹಂಚಿಗೆ ಭಾರ ಇದೆ, ಅದು ತನ್ನ ಭಾರಕ್ಕೇ ಕೂತಿರುತ್ತದೆ. ಗೋಡೆಯ ಮೇಲೆ ಮರದ ಪಟ್ಟಿ ಇಟ್ಟು ಗಾರೆ ಹಾಕಿ, ಪಕ್ಕಾಸು ಅನ್ನುವ ಇಳಿಜಾರು ತೊಲೆ ಕೂರಿಸಿ, ಅದರ ಮೇಲೆ ಅಡ್ಡಕ್ಕೆ ರೀಪು ಪಟ್ಟಿ ಹೊಡೆದರೆ ಮುಗಿಯಿತು. 2016ರಲ್ಲಿ ಮುಲಾಂಜೆ ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ ಹಾಗೇ ಮಾಡಿಸಿದೆ, ಮೇಲೆ ಹಾಕಿದ್ದು ಮಾತ್ರ ತಗಡು. ಅಲ್ಲಿನ ಬಡಗಿ ಒಬ್ಬರು ತಂತಿ ಹಿಡಿದುಕೊಂಡು ಏನೋ ಹೇಳಲು ಬಂದರು. ನನಗೆ ಅವಸರ, ಆಮೇಲೆ ಅಂದೆ. ಮೂರನೇ ವರ್ಷದ ಮೊದಲ ಮಳೆಗಾಳಿಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಮಾಡು ಇಡಿಯಾಗಿ ಜೋಳದ ಹೊಲದಲ್ಲಿ ಮಗುಚಿಕೊಂಡು ಬಿದ್ದಿದೆ. ಪಕ್ಕಾಸು, ರೀಪು, ತಗಡು ಎಲ್ಲ ಒಟ್ಟಿಗೇ. ನನ್ನ ಮೊಳೆ ಒಂದೂ ಕಿತ್ತಿರಲಿಲ್ಲ! ಮಾಡನ್ನು ಗೋಡೆಗೆ ಹಿಡಿದುಕೊಂಡಿದ್ದದ್ದು ಬರೀ ಗಾರೆ. ಯಾರಿಗೂ ಪೆಟ್ಟಾಗಲಿಲ್ಲ, ಅದು ದೇವರ ದಯೆ. ಆ ಬಡಗಿ ಹಿಡಿದಿದ್ದ ತಂತಿ ಮಾಡನ್ನು ಗೋಡೆಗೆ ಕಟ್ಟಲು.

ಹಾಗಾಗಿ ಸರಿಯಾದ ಕ್ರಮ ಹೀಗೆ. ಗೋಡೆ ಮುಗಿಯಲು ಇನ್ನು ಆರು ವರಸೆ (ಇಟ್ಟಿಗೆಯ ಸಾಲು) ಇದೆ ಅನ್ನುವಾಗಲೇ ದಪ್ಪ ತಂತಿ ಅಥವಾ ಕಬ್ಬಿಣದ ಪಟ್ಟಿಯನ್ನು ಇಟ್ಟಿಗೆಯ ಕೆಳಗೆ ಅಡ್ಡ ಹಾಯಿಸಿ ಎರಡೂ ತುದಿ ಮೇಲೆ ಬಿಡಲು ಅಲ್ಲಿನ ಮೇಸ್ತ್ರಿಗೆ ಮೊದಲೇ ಹೇಳಿ ಕಳಿಸಿ. ಟ್ರಸ್, ಅಂದರೆ ಮಾಡು ಹೊರುವ ತ್ರಿಕೋನ ಚೌಕಟ್ಟು, ಬರುವ ಜಾಗಕ್ಕೆಲ್ಲ ಒಂದೊಂದು. ಅದರ ಮೇಲೆ ಆರು ವರಸೆ ಇಟ್ಟಿಗೆಯ ಭಾರ ಕೂರುತ್ತದೆ. ಮರದ ಪಟ್ಟಿ, ಟ್ರಸ್ ಎರಡನ್ನೂ ಸುತ್ತಿ ಬಿಗಿದು ಮೊಳೆ ಹೊಡೆಯಿರಿ. ಆಗುವುದಾದರೆ ಗೋಡೆಯ ತಲೆಗೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿ, ತಂತಿ ಅದರೊಳಗೆ ಬರಲಿ. ಉದ್ದ ಗೋಡೆಗೆ ಹತ್ತು ಅಡಿಗೊಂದು ಕಂಬದ ಹಾಗೆ ದಪ್ಪ ಮಾಡಿಸಿ. ಚರ್ಚಿನಲ್ಲಿ ಅಡ್ಡಗೋಡೆ ಇರುವುದಿಲ್ಲವಲ್ಲ, ಗಾಳಿ ಒತ್ತಿದರೆ ಬಗ್ಗುತ್ತದೆ.

ಸೂರು ನಮ್ಮ ಕರಾವಳಿಯ ಹಾಗೆ ಮೂರಡಿ ಚಾಚಬೇಡಿ. ಒಂದೂವರೆ ಅಡಿ ಸಾಕು, ಗಾಳಿ ಅದರ ಕೆಳಗೇ ಕೈ ಹಾಕಿ ಎತ್ತುವುದು. ಮೊಳೆ ತಗಡಿನ ಉಬ್ಬಿನಲ್ಲಿ ಹೊಡೆಯಬೇಕು, ತಗ್ಗಿನಲ್ಲಿ ಹೊಡೆದರೆ ನೀರು ಅಲ್ಲೇ ಇಳಿಯುತ್ತದೆ. ಅಂಚಿನ ಸಾಲಿಗೆ ಪ್ರತಿ ಎರಡನೇ ಉಬ್ಬಿಗೂ ಮೊಳೆ, ರಬ್ಬರ್ ವಾಷರ್ ಸಹಿತ. ಮರಕ್ಕೆ ಔಷಧಿ ಬಳಿಯದೆ ಹತ್ತಿಸಬೇಡಿ, ಅಲ್ಲಿನ ಒರಲೆ (ಗೆದ್ದಲು) ನಮ್ಮ ಒರಲೆಗಿಂತ ಚುರುಕು.

ತಗಡನ್ನು ಅಲ್ಲಿ 'ಮಲಾಟಾ' ಅನ್ನುತ್ತಾರೆ. ಕೊಳ್ಳುವಾಗ ಕಣ್ಣು ತೆರೆದಿರಿ. ಬ್ಲಾಂಟೈರ್ ಪಕ್ಕದ ಲಿಂಬೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಎಷ್ಟೋ ಇವೆ, ಗುಜರಾತಿ ಮೂಲದವರದ್ದೂ ಇವೆ. ನನ್ನ ಮುರುಕು ಹಿಂದಿಯಲ್ಲಿ ಚಹಾವೂ ಸಿಕ್ಕಿತು. ಒಂದು ಅಂಗಡಿಯಲ್ಲಿ ಮಾತ್ರ 28 ಗೇಜ್ ಅಂತ ಬರೆದು 32 ಗೇಜ್ ಕೊಟ್ಟರು. ಲಾರಿಯಿಂದ ಇಳಿಸುವಾಗ ತಗಡು ಬಾಳೆಲೆಯ ಹಾಗೆ ಬಾಗಿತು, ಆಗ ಗೊತ್ತಾಯಿತು. ವಾಪಸು ಕೊಡಲು ಎರಡು ದಿನ ಓಡಾಡಿದೆ. ಈಗ ಕಿಸೆಯಲ್ಲಿ ದಪ್ಪ ಅಳೆಯುವ ಕ್ಯಾಲಿಪರ್ ಇಟ್ಟುಕೊಂಡೇ ಹೋಗುತ್ತೇನೆ. 28 ಗೇಜ್ ಅಂದರೆ ಸುಮಾರು 0.4 ಮಿಲಿಮೀಟರ್ ಇರಬೇಕು, 32 ಅಂದರೆ 0.25ರ ಆಸುಪಾಸು. ನೀವು ಕೇಳಿದಿರಲ್ಲ, ಏನು ತಗೊಂಡು ಹೋಗಬೇಕು ಅಂತ. ಈ ಕ್ಯಾಲಿಪರನ್ನೇ ಮೊದಲು ತಗೊಳ್ಳಿ. ಅಲ್ಲಿನ ಪ್ಲಗ್ಗು ಇಂಗ್ಲೆಂಡಿನ ಚೌಕ ಕಾಲಿನದು, ಅದಕ್ಕೊಂದು ಅಡಾಪ್ಟರ್ ಕೂಡ.

2023ರ ಮಾರ್ಚಿನಲ್ಲಿ ಫ್ರೆಡ್ಡಿ ಚಂಡಮಾರುತ ಬಂದಾಗ ಮಲಾವಿಯ ದಕ್ಷಿಣದಲ್ಲೆಲ್ಲ ಗುಡ್ಡ ಜರಿದು ಸತ್ತವರು, ಕಾಣೆಯಾದವರು ಸೇರಿ ಸಾವಿರ ದಾಟಿದರು. ಮುಂದಿನ ವರ್ಷ ನಾನು ಹೋದದ್ದು ಅಂಥ ಒಂದು ಹಳ್ಳಿಗೆ. ಹಸಿ ಇಟ್ಟಿಗೆಯ ಹಳೇ ಚರ್ಚು ಬುಡದಿಂದ ಕರಗಿ ಕುಸಿದಿತ್ತು. ಹೊಸದನ್ನು ಸ್ವಲ್ಪ ಎತ್ತರದ ಜಾಗಕ್ಕೆ ಸರಿಸಿದೆವು, ಪಂಚಾಂಗ, ಅಂದರೆ ಗೋಡೆಯ ಕೆಳಗಿನ ಕಟ್ಟೆ, ಎರಡಡಿ ಎಬ್ಬಿಸಿದೆವು, ಸುತ್ತ ನೀರು ಹರಿಯಲು ಕಣಿ ತೋಡಿಸಿದೆವು. ಇಷ್ಟೇ. ಇದಕ್ಕೆ ದುಡ್ಡು ಜಾಸ್ತಿ ಬೇಡ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಊರಿನ ಹೆಂಗಸರನ್ನು ಕೇಳಬೇಕು ಅಷ್ಟೆ. ಗಂಡಸರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಊಟ 'ನ್ಸಿಮಾ', ಬಿಳಿ ಮುಸುಕಿನ ಜೋಳದ ಹಿಟ್ಟಿನದು. ಘಟ್ಟದ ಮೇಲಿನವರಿಗೆ ಮುದ್ದೆ ನೆನಪಾಗುತ್ತದೆ, ಕುಚ್ಚಲಕ್ಕಿಯ ನಮಗೆ ಎರಡು ದಿನ ಕಷ್ಟ. ಕುಂಬಳದ ಎಲೆಯ ಪಲ್ಯ, ಸಣ್ಣ ಒಣಮೀನು ಇದ್ದರೆ ಮೂರನೇ ದಿನ ಕೇಳಿ ಬಡಿಸಿಕೊಳ್ಳುತ್ತೀರಿ. ಕೈ ತೊಳೆಯಲು ಒಬ್ಬರು ನೀರು ಹಾಕುತ್ತಾರೆ, ಎದ್ದು ನಲ್ಲಿ ಹುಡುಕಬೇಡಿ.

ನಿಮ್ಮ ಸಭೆಯ ಹೆಸರಿನ ಕಲ್ಲು ಹಾಕಿಸಬೇಡಿ. ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ. ಪ್ರತಿಷ್ಠೆಯ ದಿನ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ, ಬೇಡ ಅಂದರೂ ಬಿಡುವುದಿಲ್ಲ, ಕೂತುಕೊಳ್ಳಿ. ಕಾಣಿಕೆ ಹಾಡಿ ಕುಣಿಯುತ್ತಾ ತರುತ್ತಾರೆ, ಎರಡು ಗಂಟೆ ಹಿಡಿಯುತ್ತದೆ, ಎದ್ದು ಹೋಗಬೇಡಿ.

ಹೊರಡುವ ಹಿಂದಿನ ದಿನ ಸಭೆಯ ಖಜಾಂಚಿಯ ಜೊತೆ ಕೂತು ಬಿಲ್ಲುಗಳನ್ನು ಒಂದೊಂದಾಗಿ ಓದಿ, ಒಂದು ಪ್ರತಿ ಅಲ್ಲೇ ಬಿಡಿ. ನಾಲ್ಕು ತಗಡು, ಎರಡು ಕಿಲೋ ಮೊಳೆ, ಒಂದು ಡಬ್ಬ ವಾಷರ್, ಒಂದು ಸುರುಳಿ ತಂತಿ ಜಾಸ್ತಿ ತಂದಿಟ್ಟು ಬನ್ನಿ. ಆ ತಂತಿಯನ್ನು ಬಡಗಿಯ ಕೈಗೇ ಕೊಡಿ.